ಎದುರು ಬರಬಾರದ ಮುಖ

ಚಾಮರಾಜನಗರದಲ್ಲಿ ಈಗ ನಾನಿರುವ ಬೀದಿಯ ಕೊನೆಗೆ ಒಂದು ಭಜನೆ ಮನೆ ಇದೆ. ಹೋದ ತಿಂಗಳು ಅಲ್ಲಿಗೊಬ್ಬರು ಸ್ವಾಮಿಗಳು ಬಂದು ಪ್ರವಚನ ಮಾಡಿದರು. ದೇಹ ನಶ್ವರ, ಅದರ ಅಂದಚಂದಕ್ಕೆ ಮರುಳಾಗಬೇಡಿ, ನಿಮ್ಮನ್ನು ನೋಯಿಸಿದವರನ್ನು ಮನಸಾರೆ ಕ್ಷಮಿಸಿಬಿಡಿ ಎಂದರು. ನಾನು ಮುಂದಿನ ಸಾಲಿನಲ್ಲೇ ಕುಳಿತು ಅವರ ಮುಖ ನೋಡುತ್ತಿದ್ದೆ. ಕೆಂಪಗೆ, ನುಣ್ಣಗೆ, ಒಂದು ಮಚ್ಚೆಯೂ ಇಲ್ಲದ ಮುಖ. ದೇಹ ನಶ್ವರ ಅಂತ ಹೇಳುವವರಿಗೆಲ್ಲ ದೇವರು ಅದ್ಯಾಕೋ ಇಂಥ ಮುಖವನ್ನೇ ಕೊಟ್ಟಿರುತ್ತಾನೆ. ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡು, ‘ಎಷ್ಟ್ ಚೆನ್ನಾಗ್ ಹೇಳ್ತಾರೆ ಅಲ್ವಾ?’ ಅಂದಳು. ಹೂಂ ಅಂದೆ. ನನ್ನ ಸೋದರತ್ತೆಯನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಅವಳು ಸತ್ತು ಎಷ್ಟೋ ವರ್ಷವಾಯಿತು. ಆದರೂ ಇಲ್ಲ.

ನಮ್ಮದು ತೆರಕಣಾಂಬಿ. ಐವತ್ತರ ದಶಕ ಶುರುವಾಗುವ ಹೊತ್ತಿಗೆ ನನಗೆ ಒಂಬತ್ತೋ ಹತ್ತೋ ವಯಸ್ಸು. ಆ ಬೇಸಿಗೆಯಲ್ಲಿ ನನಗೆ ಅಮ್ಮ ಬಂತು. ಸಿಡುಬು ಅಂತ ಆಗ ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ಮಾರಮ್ಮನೇ ಮೈಮೇಲೆ ಬಂದಿದ್ದಾಳೆ, ಅವಳು ಬೇಸರವಿಲ್ಲದೆ ಹೋಗುವವರೆಗೆ ಬೇವಿನ ಸೊಪ್ಪು ಹಿಡಿದು ಕಾಯಬೇಕು ಅನ್ನುತ್ತಿದ್ದರು. ಕಾದವಳು ನನ್ನಜ್ಜಿ, ಅಪ್ಪನ ತಾಯಿ. ಅವಳಿಗೆ ಚಿಕ್ಕಂದಿನಲ್ಲೇ ಅಮ್ಮ ಬಂದು ಹೋಗಿತ್ತು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ, ಹಾಗಾಗಿ ಊರಿನಲ್ಲಿ ಯಾರ ಮನೆಗೆ ಅಮ್ಮ ಬಂದರೂ ಒಳಗೆ ಹೋಗುವ ಧೈರ್ಯ ಇದ್ದದ್ದು ಅವಳಂಥವರಿಗೆ ಮಾತ್ರ. ಅಜ್ಜಿ ನನ್ನನ್ನು ಬದುಕಿಸಿಕೊಂಡಳು. ಮುಖ ಮಾತ್ರ ಹಣೆಯಿಂದ ಗದ್ದದವರೆಗೆ ಗುಳಿ ಬಿತ್ತು.

ಅಮ್ಮ ಇಳಿದು ತಲೆಗೆ ನೀರು ಹಾಕಿದ ದಿನ ಅಜ್ಜಿಯೇ ಕನ್ನಡಿ ತಂದು ನನ್ನ ಕೈಗೆ ಕೊಟ್ಟಳು. ‘ನೋಡ್ಕೊ ಕಣಮ್ಮಿ. ಇದು ನಿನ್ ಮಕ. ಬ್ಯಾರೆಯವ್ರು ಯೋಳಕ್ ಮುಂಚೆ ನೀನೇ ನೋಡ್ಕೊಬುಡು’ ಅಂದಳು. ನೋಡಿದೆ. ಆ ಮಧ್ಯಾಹ್ನವೆಲ್ಲ ಗೋಳೋ ಅಂತ ಅತ್ತೆ. ಅಜ್ಜಿ ಸುಮ್ಮನಿರು ಅನ್ನಲಿಲ್ಲ. ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿದಳು, ಅಳು ನಿಂತ ಮೇಲೆ ಊಟಕ್ಕೆ ಕರೆದಳು.

ಅಪ್ಪನ ಅಕ್ಕನನ್ನು, ಅಂದರೆ ನಮ್ಮತ್ತೆಯನ್ನು, ಗುಂಡ್ಲುಪೇಟೆಗೆ ಕೊಟ್ಟಿದ್ದರು. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ ಅವಳು ಎಲ್ಲರ ಎದುರಿಗೆ ‘ಇವ್ಳು ನನ್ ಸೊಸೆ’ ಅಂತ ಹೇಳಿ, ನನ್ನ ಕಾಲಿಗೆ ಗೆಜ್ಜೆ ತೊಡಿಸಿದ್ದಳಂತೆ. ನನಗೆ ವಾಸಿಯಾದ ಮೇಲೆ ನೋಡಲು ಬಂದಳು. ಬಂದವಳು ಅಂಗಳ ದಾಟಲಿಲ್ಲ. ಅಲ್ಲಿಂದಲೇ ನನ್ನನ್ನು ನೋಡಿ, ‘ಅಯ್ಯಯ್ಯೋ, ಮಕ ರಾಗಿಕಲ್ಲು ಕುಟ್ಸ್‌ದಂಗಾಗೋಯ್ತಲ್ಲವ್ವಾ!’ ಅಂತ ಕೂಗಿದಳು. ರಾಗಿ ಬೀಸುವ ಕಲ್ಲು ಸವೆದು ನುಣ್ಣಗಾದಾಗ ಕಲ್ಲು ಕುಟ್ಟುವವರು ಮನೆಮನೆಗೆ ಬಂದು ಉಳಿಯಲ್ಲಿ ಚುಚ್ಚಿಚುಚ್ಚಿ ಅದನ್ನು ಒರಟು ಮಾಡಿ ಹೋಗುತ್ತಿದ್ದರು. ಅತ್ತೆ ಕೂಗಿದ್ದು ಬೀದಿಗೆಲ್ಲ ಕೇಳಿತು. ಅವತ್ತಿನಿಂದ ಮಕ್ಕಳ ಬಾಯಲ್ಲಿ ನನ್ನ ಹೆಸರು ರಾಗಿಕಲ್ಲು.

ಅಜ್ಜಿ ಒಳಗಿನಿಂದ, ‘ಕುಟ್ದೇ ಇರೋ ಕಲ್ಲಲ್ಲಿ ನೀ ಅದೇನ್ ಬೀಸೀಯೆ? ಬಾಯ್ ಮುಚ್ಕೊಂಡು ಬಂದು ಉಣ್ಣೋಗು’ ಅಂತ ಮಗಳನ್ನು ಗದರಿದಳು. ಅತ್ತೆ ಉಂಡಳು, ಬಸ್ಸು ಹತ್ತಿದಳು. ಹೋಗುವಾಗ ಸೊಸೆ ಎನ್ನುವ ಮಾತನ್ನೇ ಎತ್ತಲಿಲ್ಲ. ನನ್ನ ಗೆಜ್ಜೆ ಚಿಕ್ಕದಾಗಿ ಗೂಟದಲ್ಲಿ ನೇತಾಡುತ್ತಿತ್ತು, ಅದನ್ನು ಮಾತ್ರ ಮರೆಯದೆ ಮಡಿಲಿಗೆ ಹಾಕಿಕೊಂಡಳು. ನೋಡಿ, ಎಂಥ ಜನ!

ಇಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಐದಾರು ವರ್ಷ ಕಳೆದ ಮೇಲೆ ಮಗನಿಗೆ ಬೇಗೂರಿನಿಂದ ಹೆಣ್ಣು ತಂದಳು. ಹಾಲಿನಂಥ ಬಣ್ಣದ ಹುಡುಗಿ. ಮದುವೆಗೆ ನಾವೆಲ್ಲ ಗುಂಡ್ಲುಪೇಟೆಗೆ ಹೋದೆವು. ಹೆಣ್ಣುಗಂಡು ಮನೆ ತುಂಬಿಸಿಕೊಳ್ಳುವ ಹೊತ್ತಿಗೆ ಯಾರೋ ನನ್ನ ಕೈಗೆ ಆರತಿ ತಟ್ಟೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದರು. ನನಗೆ ಒಳಗೊಳಗೇ ಹೆಮ್ಮೆ. ಹಸಿರು ಸೀರೆ ಉಟ್ಟಿದ್ದೆ, ಹೂ ಮುಡಿದಿದ್ದೆ. ಅತ್ತೆ ಎಲ್ಲಿದ್ದಳೋ, ಧಡಧಡ ಬಂದು ತಟ್ಟೆ ಕಿತ್ತುಕೊಂಡಳು. ‘ಸುಬ ಕಾರ್ಯದಲ್ಲಿ ಈ ಮಕ ಎದ್ರಿಗೆ ಬರಬಾರ್ದು. ಇತ್ಲಿಗೋಗಿ ಕೂತ್ಕೊಳಮ್ಮಿ’ ಅಂದಳು. ಪಿಸುಗುಟ್ಟಲೂ ಇಲ್ಲ, ವಾಲಗದವರಿಗೂ ಕೇಳುವಷ್ಟು ಜೋರಾಗಿ ಅಂದಳು. ವಾಲಗದವನೊಬ್ಬ ನನ್ನ ಕಡೆ ತಿರುಗಿ ನೋಡಿ ತಲೆ ತಗ್ಗಿಸಿದ.

ಹಿತ್ತಲಲ್ಲಿ ಸೌದೆ ರಾಶಿಯ ಪಕ್ಕ ಕುಳಿತೆ. ಅವತ್ತು ಅಳು ಬರಲಿಲ್ಲ. ಊರಿಗೆ ಬಂದವಳೇ ಮಾರಮ್ಮನ ಗುಡಿಗೆ ಹೋಗಿ ಕೈ ಮುಗಿದೆ. ಅಮ್ಮಾ, ನನ್ನ ಮನೆಗೆ ಬಂದೆಯಲ್ಲ, ಆ ಮನೆಗೂ ಒಂದು ಸಲ ಹೋಗಿ ಬಾ ಅಂತ ಬೇಡಿಕೊಂಡೆ. ಅಜ್ಜಿಗೆ ಹೇಳಿದಾಗ ಅವಳು ಬೈಯಲಿಲ್ಲ. ‘ಅವ್ಳೇನ್ ನಿಮ್ಮನೆ ಆಳಾ, ನೀ ಕಳ್ಸಿದ್ ಕಡೆ ಓಗಾಕೆ? ಕ್ವಾಪ ಇದ್ರೆ ಇರ್ಲಿ. ಆದ್ರೆ ಅದ್ನ ಯಾರ್ ಮ್ಯಾಲೆ ಇಳುಸ್ತೀಯಾ ಅಂತ ನೋಡ್ಕೊ’ ಅಂದಳು. ಆ ಮಾತು ಆಗ ನನ್ನ ಕಿವಿಗೆ ಹೋಗಲಿಲ್ಲ.

ಎರಡು ಬೇಸಿಗೆ ಕಳೆಯಿತು. ಮೂರನೆಯ ಬೇಸಿಗೆಯ ಒಂದು ಮಧ್ಯಾಹ್ನ, ಬಿಸಿಲು ಚುರುಗುಡುವಾಗ ನಮ್ಮ ಮನೆಯ ಎದುರಿಗೆ, ಬೀದಿಯ ಆ ಬದಿಯಲ್ಲಿ, ಅತ್ತೆ ಬಂದು ನಿಂತಳು. ತಲೆ ಬಾಚಿರಲಿಲ್ಲ. ಅಮ್ಮ ಬಂದ ಮನೆಯವರು ಬೇರೆಯವರ ಹೊಸಿಲು ತುಳಿಯಬಾರದು, ಹಾಗಾಗಿ ತೌರುಮನೆಯಾದರೂ ಅವಳು ದೂರದಲ್ಲೇ ನಿಂತು ಕೂಗಿದಳು. ‘ಅವ್ವೋ, ಸೊಸೆಗೆ ಅಮ್ಮ ಬಂದದೆ ಕಣವ್ವಾ. ಒಳೀಕೋಗಕೆ ಯಾರೂ ಇಲ್ಲ. ನಂಗೆ ಒಂದ್ಸಲಾನೂ ಬಂದಿಲ್ಲ, ಎದ್ರಿಕೆ ಆಯ್ತದೆ. ಅವ್ನು ಚಾಮ್ರಾಜ್‌ನಗ್ರಕ್ಕೆ ಅವ್ರ ಚಿಕ್ಕಪ್ಪನ್ ಮನೆಗೋಗಿ ಕೂತವ್ನೆ.’ ಅವನು ಅಂದರೆ ಅವಳ ಮಗ, ತಾಳಿ ಕಟ್ಟಿದ ಗಂಡಸು!

ಅಜ್ಜಿಗೆ ಆಗ ಮಂಡಿ ಹೋಗಿ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಅತ್ತೆಗೂ ಅದು ಗೊತ್ತಿತ್ತು. ಅವಳ ಕಣ್ಣು ಅಜ್ಜಿಯನ್ನು ದಾಟಿ ಬಾಗಿಲಲ್ಲಿದ್ದ ನನ್ನ ಮೇಲೆ ಬಂತು. ‘ಬಾ ಕಣವ್ವಾ’ ಅಂದಳು. ನನ್ನನ್ನು ಅವಳು ಅವ್ವಾ ಅಂದದ್ದು ಅದೇ ಮೊದಲು.

ಸುಳ್ಳು ಯಾಕೆ ಹೇಳಲಿ, ನನಗೆ ಹಬ್ಬ ಬಂದ ಹಾಗಾಯಿತು. ಬಿಸಿಲಲ್ಲಿ ಅವಳು ಬೆವರುವುದನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ. ಆಮೇಲೆ, ‘ಈ ಮಕ ಎದ್ರಿಗೆ ಬರಬಾರ್ದಲ್ಲತ್ತೆ?’ ಅಂದೆ.

ಅವಳು ತಲೆ ತಗ್ಗಿಸಿದಳು. ‘ಏನೋ ಬಾಯ್ತಪ್ಪಿ ಅಂದ್ಬುಟ್ಟೆ...’

‘ಬತ್ತೀನಿ. ಇತ್ಲ್ ಬಾಗ್ಲಿಂದ ಬರಕಿಲ್ಲ, ಮುಂದಿನ್ ಬಾಗ್ಲಿಂದ ಬತ್ತೀನಿ. ಮತ್ತೆ ನಾನಲ್ಲಿರೋ ಗಂಟ ದಿನಾ ವೊತ್ತಾರೆ ಎದ್ದೇಟ್ಗೆ ನೀನು ಮೊದ್ಲು ನನ್ ಮಕ ನೋಡ್ಬೇಕು. ಆಮ್ಯಾಕೇ ಬ್ಯಾರೆ ಕೆಲ್ಸ.’

ಅಜ್ಜಿ ಜಗಲಿಯ ಮೇಲೇ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನನ್ನ ಬಟ್ಟೆ ಗಂಟು ಕಟ್ಟಿಕೊಡುವಾಗ ಕೈ ಹಿಡಿದು ಹತ್ತಿರ ಎಳೆದುಕೊಂಡಳು. ‘ಸೇಡಿಗೇ ಓದ್ರೂ ಓಗು, ತ್ವಂದ್ರೆ ಇಲ್ಲ. ನಿಮ್ಮತ್ತೆ ತಾವ ಅದೇನ್ ಮಾಡ್ಕೋತೀಯೋ ಮಾಡ್ಕೊ. ಆ ಮಗಾ ನಿಂಗೇನೂ ಮಾಡಿಲ್ಲ. ಅದ್ರ ಸ್ಯಾವೆ ಮಾತ್ರ ಪೂಜೆ ಮಾಡ್ದಂಗೆ ಮಾಡು’ ಅಂದಳು. ಹೂಂ ಅಂದೆ. ಆದರೆ ನನ್ನ ಎಣಿಕೆ ಬೇರೆಯೇ ಇತ್ತು. ಆ ಹಾಲು ಬಣ್ಣದವಳಿಗೆ ತಲೆಗೆ ನೀರು ಹಾಕುವ ದಿನ ಕನ್ನಡಿಯನ್ನು ನಾನೇ ಕೈಗೆ ಕೊಡಬೇಕು, ಅತ್ತೆಯ ಎದುರಿಗೇ, ಬೀದಿಗೆಲ್ಲ ಕೇಳುವ ಹಾಗೆ ‘ರಾಗಿಕಲ್ಲು’ ಅನ್ನಬೇಕು. ಬಸ್ಸಿನಲ್ಲಿ ಕುಳಿತು ಆ ಮಾತನ್ನು ಅಂದು ಅಂದು ನೋಡಿಕೊಂಡೆ.

ಅತ್ತೆಯ ಮನೆಯ ನಡುಮನೆಯಲ್ಲಿ ಹುಡುಗಿ ಬಾಳೆ ಎಲೆಯ ಮೇಲೆ ಮಲಗಿದ್ದಳು. ಕಣ್ಣು ತೆರೆಯಲಾಗದಷ್ಟು ಮುಖ ಊದಿತ್ತು. ಅತ್ತೆ ದನದ ಕೊಟ್ಟಿಗೆಯಲ್ಲಿ ಬಿಡಾರ ಹೂಡಿದ್ದಳು. ಗೋಡೆಯ ಕನ್ನಡಿಯನ್ನು ಆಗಲೇ ಹಿಂದುಮುಂದು ತಿರುಗಿಸಿಟ್ಟಿದ್ದಳು, ಅಮ್ಮ ಇರುವ ಮನೆಯಲ್ಲಿ ಕನ್ನಡಿ ನೋಡುವ ಹಾಗಿಲ್ಲ. ಒಗ್ಗರಣೆ ಹಾಕುವ ಹಾಗಿಲ್ಲ, ತಲೆ ಬಾಚುವ ಹಾಗಿಲ್ಲ. ನಾನು ರಾಗಿ ಅಂಬಲಿ, ಮಜ್ಜಿಗೆ, ಎಳನೀರು ಕುಡಿಸುತ್ತ, ತುರಿಕೆಯಾದಾಗ ಬೇವಿನ ಸೊಪ್ಪಲ್ಲಿ ಮೆಲ್ಲಗೆ ನೇವರಿಸುತ್ತ ಕುಳಿತೆ. ಬೆಳಗಾಗುತ್ತಲೇ ಮುಂದಿನ ಬಾಗಿಲು ತೆರೆದು ನಿಲ್ಲುತ್ತಿದ್ದೆ. ಅತ್ತೆ ಕೊಟ್ಟಿಗೆಯಿಂದ ಬಂದು ಅಂಗಳದಲ್ಲಿ ನಿಂತು ನನ್ನ ಮುಖ ನೋಡಬೇಕಿತ್ತು. ಮೊದಲ ದಿನ ಕಣ್ಣು ಕೆಳಗೆ ಹಾಕಿದಳು. ‘ಸರ್ಯಾಗ್ ನೋಡತ್ತೆ, ಗುಳಿ ಎಣ್ಸು’ ಅಂದೆ. ಆಹಾ, ಆ ಸುಖ! ಈಗ ನೆನೆಸಿಕೊಂಡರೂ ಬಾಯಿ ಸಿಹಿಯಾಗುತ್ತದೆ.

ಜ್ವರ ಸ್ವಲ್ಪ ಇಳಿದ ಮೇಲೆ ಹುಡುಗಿ ಮಾತಾಡತೊಡಗಿದಳು. ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ಒಂದು ಸಂಜೆ ತನ್ನ ತೋಳು ಎತ್ತಿ ತೋರಿಸಿದಳು. ಹಿಂದಿನ ವರ್ಷ ದಾಕು ಹಾಕುವವರು, ಅಂದರೆ ಅಮ್ಮ ಬರದ ಹಾಗೆ ತೋಳಿಗೆ ಗೀರಿ ಔಷಧಿ ಹಾಕುವ ಸರ್ಕಾರದವರು, ಆ ಬೀದಿಗೆ ಬಂದಿದ್ದರಂತೆ. ‘ಅತ್ತೆಮ್ಮ ನನ್ನ ಅಟ್ಟದ್ ಮೇಲೆ ಬಚ್ಚಿಟ್ಬುಟ್ರು ಅಕ್ಕಾ. ಇಷ್ಟ್ ಬೆಳ್ಳಗಿರೋ ತೋಳ್ ಮ್ಯಾಲೆ ಕಲೆ ಬೀಳ್ಸಕಾಯ್ತದಾ ಅಂದ್ರು. ತಾವೂ ನನ್ ಜತೆಗೇ ಕೂತಿದ್ರು’ ಅಂದಳು.

ಕೇಳಿ ನನಗೆ ಮೈಯೆಲ್ಲ ಬೆಂಕಿಯಾಯಿತು. ತೋಳಿನ ಮೇಲೆ ಕಾಸಗಲದ ಕಲೆ ಬೇಡ ಅಂತ ಅತ್ತೆ ಈ ಹುಡುಗಿಯ ಮುಖವನ್ನೇ ಕೊಟ್ಟುಬಿಟ್ಟಿದ್ದಳು. ನಾನು ಗುಡಿಯಲ್ಲಿ ನಿಂತು ಬೇಡಿದ್ದೇ ಇದಕ್ಕೆ ಕಾರಣವೇನೋ ಅಂತ ಅಲ್ಲಿಯವರೆಗೆ ಒಂದು ಅಳುಕಿತ್ತು. ಅದು ಅಲ್ಲೇ ಹೋಯಿತು. ಇದು ಮಾರಮ್ಮ ಮಾಡಿದ್ದಲ್ಲ, ಚಂದದ ಹುಚ್ಚು ಮಾಡಿದ್ದು.

ಅವಳು ಕೈ ಚಾಚಿ ನನ್ನ ಕೆನ್ನೆ ಮುಟ್ಟಿದಳು. ಒಂದೊಂದೇ ಗುಳಿಯನ್ನು ಬೆರಳಲ್ಲಿ ತಡವುತ್ತ, ‘ನಂಗೂ ಇಂಗೇ ಆಯ್ತದಾ ಅಕ್ಕಾ?’ ಅಂದಳು.

ಆಗುವುದಿಲ್ಲ ಅನ್ನಬಹುದಿತ್ತು. ನನ್ನ ಬಾಯಿಗೆ ಬರಲಿಲ್ಲ. ‘ಆಯ್ತದೆ’ ಅಂದೆ.

‘ಆಮ್ಯಾಕೆ?’

‘ಆಮ್ಯಾಕೇನು? ಒಸಿ ದಿನ ಅಳೂ ಬತ್ತದೆ. ಆಮ್ಯಾಕೆ ಅಸ್ವಾಯ್ತದೆ. ಯಾರಾರಾ ಬಿದ್ರೆ ನಗೂ ಬತ್ತದೆ. ಮಕ ಮಕದ್ ಪಾಡ್ಗೆ ಇರ್ತದೆ, ನೀನು ನಿನ್ ಪಾಡ್ಗೆ ಇರ್ತೀಯ.’

ಅಂದುಬಿಟ್ಟ ಮೇಲೆ, ಇದನ್ನು ಯಾರು ಹೇಳಿದ್ದು ಅಂತ ನನಗೇ ಆಶ್ಚರ್ಯವಾಯಿತು. ಅಷ್ಟು ವರ್ಷ ನಾನೂ ಹಾಗೇ ಬದುಕಿದ್ದೆ, ಅದು ನನಗೇ ಗೊತ್ತಾಗಿರಲಿಲ್ಲ. ಬಾವಿಕಟ್ಟೆಯಲ್ಲಿ ನಕ್ಕಿದ್ದೆ, ಕಳೆ ಕೀಳುವಾಗ ಹಾಡಿದ್ದೆ, ಹಸಿರು ಸೀರೆ ಉಟ್ಟು ಹಿಗ್ಗಿದ್ದೆ. ನನಗೆ ನೋವು ಕೊಟ್ಟದ್ದು ಮುಖವಲ್ಲ, ಅತ್ತೆಯ ಬಾಯಿ. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಆ ನಡುಮನೆಗೇ ಹೋಗಬೇಕಾಯಿತು. ಹುಡುಗಿ ನನ್ನ ಕೆನ್ನೆಯ ಮೇಲೆ ಕೈ ಇಟ್ಟುಕೊಂಡೇ ನಿದ್ದೆ ಹೋದಳು. ನಾನು ಬಸ್ಸಿನಲ್ಲಿ ಕಲಿತುಕೊಂಡು ಬಂದಿದ್ದ ಮಾತನ್ನು ಅವತ್ತೇ ಬಿಟ್ಟೆ. ಸೇಡು ಬಿಟ್ಟೆ ಅಂದುಕೊಳ್ಳಬೇಡಿ. ಅದು ಎಲ್ಲಿಗೆ ಸೇರಬೇಕು ಅನ್ನುವುದು ಗೊತ್ತಾಯಿತು, ಅಷ್ಟೇ.

ಅದಕ್ಕೆ ದಾರಿ ಅತ್ತೆಯೇ ಮಾಡಿಕೊಟ್ಟಳು. ಮೈಮೇಲಿನ ಹಕ್ಕಳೆ ಉದುರಿ, ತಲೆಗೆ ನೀರು ಹಾಕುವುದು ನಾಳೆ ಅನ್ನುವಾಗ, ಅವಳು ಹಿತ್ತಲ ಗೋಡೆಯಾಚೆಯ ನೆರೆಯವಳ ಜೊತೆ ಮಾತಾಡುವುದು ನನ್ನ ಕಿವಿಗೆ ಬಿತ್ತು. ‘ನೀರಾಕ್ಬುಟ್ಟು ಬೇಗೂರಿಗೆ ಅವ್ರಪ್ಪನ್ ಮನೆಗೆ ಕಳ್ಸ್‌ಬುಡ್ತೀನಿ ಕಣೆ. ಆ ಮಕ ಮಡಿಕಂಡು ನಮ್ಮನೇಲೇನ್ ಮಾಡಾದು? ಮಗಂಗೆ ಬ್ಯಾರೆ ಎಣ್ಣು ನೋಡೀನಿ’ ಅನ್ನುತ್ತಿದ್ದಳು. ಒಳಗಿದ್ದ ಹುಡುಗಿಗೂ ಅದು ಕೇಳಿಸಿತು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ನಮ್ಮ ಕಡೆ ಒಂದು ಪದ್ಧತಿ ಇತ್ತು. ಅಮ್ಮ ಬಂದ ಮನೆಯಲ್ಲಿ ಸೇವೆ ಮಾಡಿದವಳನ್ನು ಅಮ್ಮನೇ ಅಂತ ತಿಳಿದು, ಕೊನೆಯ ದಿನ ಮನೆಯ ಹಿರಿಯವಳು ಹೊಸಿಲ ಮೇಲೆ ನಿಲ್ಲಿಸಿ, ಅರಿಸಿನದ ನೀರಲ್ಲಿ ಕಾಲು ತೊಳೆದು, ಮಡಿಲಕ್ಕಿ ತುಂಬಿ ಕಳಿಸಬೇಕು. ಬೀದಿಯವರೆಲ್ಲ ಬಂದು ನೋಡುತ್ತಾರೆ. ಅವಳು ಕಾಲು ತೊಳೆಸಿಕೊಳ್ಳದೆ ಹೋದರೆ ಮಾರಮ್ಮ ಆ ಮನೆ ಬಿಟ್ಟು ಹೋಗುವುದಿಲ್ಲ, ಮುಂದೆ ಮನೆಯ ಹಿರಿಯರ ಮೇಲೇ ಬರುತ್ತಾಳೆ ಅಂತ ನಂಬಿಕೆ. ಅತ್ತೆಗೆ ಅದಕ್ಕಿಂತ ದೊಡ್ಡ ಭಯ ಇನ್ನೊಂದಿರಲಿಲ್ಲ.

ಮಾರನೆಯ ದಿನ ಹುಡುಗಿಗೆ ಬೇವಿನ ನೀರು ಹಾಕಿ, ತಲೆ ಒರೆಸಿ, ನನ್ನ ಹಸಿರು ಸೀರೆಯನ್ನೇ ಉಡಿಸಿದೆ. ಗೋಡೆಯ ಕನ್ನಡಿ ತೆಗೆದು ಅವಳ ತೊಡೆಯ ಮೇಲಿಟ್ಟೆ. ಕೊಡಬೇಕು ಅಂತ ಬಂದಿದ್ದೆನಲ್ಲ, ಕೊಟ್ಟೆ. ‘ನೋಡ್ಕೊ. ಬ್ಯಾರೆಯವ್ರು ಯೋಳಕ್ ಮುಂಚೆ ನೀನೇ ನೋಡ್ಕೊಬುಡು’ ಅಂದೆ. ಅವಳು ನೋಡಿದಳು. ಕಣ್ಣೀರು ಕನ್ನಡಿಯ ಮೇಲೇ ಬಿತ್ತು. ನಾನು ಸುಮ್ಮನಿರು ಅನ್ನಲಿಲ್ಲ, ಪಕ್ಕದಲ್ಲೇ ಕುಳಿತೆ. ಅವಳಾಗಿಯೇ ಸೆರಗಿನಲ್ಲಿ ಕನ್ನಡಿ ಒರೆಸಿ ಕೆಳಗಿಟ್ಟಳು.

ಹೊರಗೆ ಬೀದಿಯವರು ಸೇರಿದ್ದರು. ಅತ್ತೆ ಅರಿಸಿನದ ನೀರಿನ ಚೊಂಬು ಹಿಡಿದು ಕಾಯುತ್ತಿದ್ದಳು. ನಾನು ಹುಡುಗಿಯ ಕೈ ಹಿಡಿದು ಹೊರಗೆ ಕರೆತಂದು, ಹೊಸಿಲ ಮೇಲೆ ನನ್ನ ಪಕ್ಕದಲ್ಲೇ ನಿಲ್ಲಿಸಿದೆ. ಎರಡು ಮುಖವನ್ನೂ ಜನ ಒಟ್ಟಿಗೆ ನೋಡಿದರು. ಅತ್ತೆ ಬಗ್ಗಿ ನನ್ನ ಕಾಲಿಗೆ ನೀರು ಬಿಡಲು ಹೋದಾಗ ಕಾಲು ಹಿಂದಕ್ಕೆಳೆದುಕೊಂಡೆ.

‘ಸೊಸೇನ ಬೇಗೂರಿಗೆ ಕಳ್ಸಾದಿಲ್ಲ, ಮಗಂಗೆ ಬ್ಯಾರೆ ಎಣ್ಣು ತರಾದಿಲ್ಲ ಅಂತ ಮಾರಮ್ಮನ್ ಮೇಲಾಣೆ ಮಡುಗು. ಆಮ್ಯಾಕೆ ಕಾಲ್ ಕೊಡ್ತೀನಿ’ ಅಂದೆ.

‘ಇದೇನ್ ಮಾತಮ್ಮಿ, ಜನಗೊಳ್ ಮುಂದೆ...’

‘ಜನಗೊಳ್ ಮುಂದೇನೇ. ನನ್ ತಟ್ಟೆ ಕಿತ್ಕೊಂಡಿದ್ದೂ ಜನಗೊಳ್ ಮುಂದೇನೇ ತಾನೆ? ದಾಕಾಕೋರು ಬಂದಾಗ ಇವ್ಳನ್ನ ಅಟ್ಟದ್ ಮ್ಯಾಲೆ ಯಾರು ಬಚ್ಚಿಟ್ಟಿದ್ದು? ಅದ್ನೂ ಇಲ್ಲೇ ಯೋಳು.’

ಯಾರೋ ಒಬ್ಬ ಮುದುಕಿ, ‘ಅಯ್ ನಿನ್ ಮನೆ ಕಾಯ್ವಾಗ! ನೀನೇ ಬಚ್ಚಿಟ್ಟಿದ್ದಾ?’ ಅಂದಳು. ನಾನು ಹೊಸಿಲಿನಿಂದ ಒಂದು ಕಾಲು ಕೆಳಗಿಟ್ಟು ಹೊರಟವಳಂತೆ ಮಾಡಿದೆ. ಅಷ್ಟೇ ಸಾಕಾಯಿತು. ಚೊಂಬು ಕೆಳಗಿಟ್ಟು, ಎರಡೂ ಕೈ ಮುಗಿದು, ಎಲ್ಲರಿಗೂ ಕೇಳುವ ಹಾಗೆ ಆಣೆ ಮಾಡಿದಳು. ನಾನು ಕಾಲು ಕೊಟ್ಟೆ. ಅವಳು ನನ್ನ ಪಾದಕ್ಕೆ ಅರಿಸಿನದ ನೀರು ಬಿಟ್ಟಳು. ತೊಳೆದು ಮುಗಿಸಿ ಏಳಲು ಹೋದಳು. ‘ಇನ್ನೂ ಆಗಿಲ್ಲತ್ತೆ. ಅಮ್ಮ ಬಂದಿದ್ದು ಇವ್ಳ ಮೈಮ್ಯಾಲೆ. ಇವ್ಳ ಕಾಲ್ನೂ ತೊಳಿ’ ಅಂದೆ. ಅದು ಪದ್ಧತಿಯಲ್ಲಿ ಇರಲಿಲ್ಲ, ನಾನೇ ಅಲ್ಲಿಯೇ ಹುಟ್ಟಿಸಿದ್ದು. ಅಷ್ಟು ಜನರ ಮುಂದೆ ಅತ್ತೆಗೆ ಬೇಡ ಅನ್ನಲಾಗಲಿಲ್ಲ. ತೊಳೆದಳು.

ಅತ್ತೆಯ ಕಡೆ ಮಾರಮ್ಮ ಕೊನೆಗೂ ತಿರುಗಿ ನೋಡಲಿಲ್ಲ. ಅವಳು ಮುಪ್ಪಿನವರೆಗೂ ನುಣ್ಣನೆಯ ಮುಖ ಇಟ್ಟುಕೊಂಡೇ ಬದುಕಿದಳು, ಆ ಬೇಜಾರು ನನಗೆ ಈಗಲೂ ಇದೆ. ಮಗ ಚಾಮರಾಜನಗರದಿಂದ ಬಾಲ ಮುದುರಿಕೊಂಡು ವಾಪಸ್ಸು ಬಂದ, ಹೆಂಡತಿಯ ಜೊತೆಯೇ ಬಾಳಿದ. ನನಗೂ ಮದುವೆಯಾಯಿತು, ಉಮ್ಮತ್ತೂರಿನ ಕಡೆಯವರು. ಆ ಮನುಷ್ಯ ನನ್ನ ಮುಖವನ್ನು ಹಗಲಲ್ಲಿ, ಹತ್ತಿರದಿಂದ ನೋಡಿಯೇ ಒಪ್ಪಿಕೊಂಡದ್ದು. ನಾನೂ ಅವನ ಬೋಳು ತಲೆ ನೋಡಿಯೇ ಒಪ್ಪಿಕೊಂಡೆ.

ಸ್ವಾಮಿಗಳ ಪ್ರವಚನ ಮುಗಿದ ಮೇಲೆ ಪ್ರಸಾದ ತೆಗೆದುಕೊಳ್ಳಲು ನಿಂತಾಗ ಅವರು ನನ್ನ ಮುಖವನ್ನೇ ಅರೆಗಳಿಗೆ ನೋಡಿ, ‘ಯಾರ ಮೇಲಾದರೂ ದ್ವೇಷ ಉಳಿದಿದೆಯೇ ತಾಯಿ?’ ಅಂತ ಕೇಳಿದರು. ಉಳಿದಿದೆ ಅಂದೆ. ಅದರಿಂದ ಏನು ಬಂತು ಅಂದರು. ಒಬ್ಬಳ ಸಂಸಾರ ಉಳಿಯಿತು ಅಂದೆ. ಅವರಿಗೆ ಅರ್ಥವಾಗಲಿಲ್ಲ, ಸಾಲು ಮುಂದಕ್ಕೆ ಸರಿಯಿತು.

ಅರ್ಥವಾಗಬೇಕಾದವಳಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಅವತ್ತು ಗುಂಡ್ಲುಪೇಟೆ ಬಿಡುವ ಮೊದಲು ನಾನು ಹುಡುಗಿಯನ್ನು ಪಕ್ಕಕ್ಕೆ ಕರೆದು ಒಂದು ಕೆಲಸ ಹೇಳಿಕೊಟ್ಟಿದ್ದೆ. ಅತ್ತೆ ಸಾಯುವವರೆಗೂ ಅವಳು ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಅತ್ತೆ ಸಂತೆಗೆ ಹೊರಡಲಿ, ಮದುವೆಗೆ ಹೊರಡಲಿ, ದೇವರ ಗುಡಿಗೇ ಹೊರಡಲಿ, ಸೊಸೆ ತಲೆ ತುಂಬ ಹೂ ಮುಡಿದು, ಹಣೆಗೆ ಅಗಲವಾಗಿ ಕುಂಕುಮ ಇಟ್ಟು, ನಗುನಗುತ್ತ ಮುಂದಿನ ಬಾಗಿಲಿಂದ ಎದುರಿಗೆ ಬರುತ್ತಿದ್ದಳು.